ಉಣಿಸುವ ವಿದ್ಯೆ

ಉಣ್ಣುವುದನ್ನೂ ಉಣಿಸುವುದನ್ನೂ ಕಲಿಯುವುದಕ್ಕೆ ವಿಶ್ವವಿದ್ಯಾನಿಲಯವೇತಕ್ಕೆ ಎಂದು ಕೇಳುವವರು ನಮ್ಮಲ್ಲಿ ಬಹಳ ಮಂದಿಯುಂಟು. ಹಾಗೆ ಕೇಳುವವರು ನಮ್ಮ ಹಿರಿಯರನ್ನು ಮರೆತಿರುತ್ತಾರೆ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೆ ಬೇರೆಯೇ ಅಧ್ಯಾಯವನ್ನು ಮೀಸಲಿಟ್ಟನು. ಮೂರನೆಯ ಮಂಗರಸನು ಅಡಿಗೆಯ ಕ್ರಮವನ್ನೆಲ್ಲ ‘ಸೂಪಶಾಸ್ತ್ರ’ವೆಂದು ಷಟ್ಪದಿಯಲ್ಲಿ ಹಾಡಿದನು. ದೊರೆಗಳು ಬರೆದರೆ ಶಾಸ್ತ್ರ, ಒಕ್ಕಲಿಗರ ಮನೆಯ ಹುಡುಗಿಯು ಓದಹೊರಟರೆ ನಗೆಪಾಟಲು. ಇದೆಲ್ಲಿಯ ನ್ಯಾಯವೋ ತಿಳಿಯದು.

ಈ ಮಾತು ಬಂದುದು ನನ್ನ ಅಕ್ಕನ ಮಗಳ ದೆಸೆಯಿಂದ. ಅಕ್ಕನ ಮನೆ ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯಲ್ಲಿದೆ. ನಾಲ್ಕು ಎಕರೆ ದ್ರಾಕ್ಷಿಯೇ ಆ ಮನೆಯ ಬಾಳು. ಹಣ್ಣನ್ನು ಒಣಗಿಸಿ ಮಾರುತ್ತಾರೆ. ಮಗಳು 2023ರಲ್ಲಿ ಸಾಲ ಮಾಡಿ ಯುರೋಪಿಗೆ ಹೋದಳು. ಸ್ಪೇನಿನ ತಾರಾಗೋನಾ, ಫ್ರಾನ್ಸಿನ ಬೋರ್ಡೋ, ಪೋರ್ತುಗಲ್ಲಿನ ಪೋರ್ತೋ, ಈ ಮೂರು ಊರುಗಳ ವಿಶ್ವವಿದ್ಯಾನಿಲಯಗಳು ಕೂಡಿ ಒಂದು ಪಾಠಕ್ರಮವನ್ನು ಏರ್ಪಡಿಸಿದ್ದುವು. ದ್ರಾಕ್ಷಿಯ ಸೀಮೆಗಳಿಗೆ ಬರುವ ಪ್ರವಾಸಿಗಳನ್ನು ಹೇಗೆ ಸತ್ಕರಿಸಬೇಕು, ಆ ಸತ್ಕಾರದಿಂದ ನೆಲವೂ ಜನವೂ ಕೆಡದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದೇ ವಿಷಯ. ದೇಶದಿಂದ ದೇಶಕ್ಕೆ ವಿದ್ಯಾರ್ಥಿಗಳು ಹೋಗಿ ಓದಲೆಂದು 1987ರಲ್ಲಿ ಯುರೋಪಿನಲ್ಲಿ ಹುಟ್ಟಿದ ಎರಾಸ್ಮಸ್ ಯೋಜನೆಯ ಕುಡಿಯಿದು. ದ್ರಾಕ್ಷಿಯೆಂದರೆ ಅಲ್ಲಿ ಮುಖ್ಯವಾಗಿ ವೈನು. ಇದು ತಿಳಿದೊಡನೆ ಅಕ್ಕನ ಅತ್ತೆಯವರು, “ಅದೇನು ಸೆರೀ ಕುಡಿಯೂದು ಕಲಸೂ ಸಾಲೀಯೇನೋ ತಮ್ಮಾ?” ಎಂದು ನನ್ನನ್ನೇ ವಿಚಾರಣೆಗೆ ನಿಲ್ಲಿಸಿದರು.

ಅವಳು ಮೊದಲು ಬಣ್ಣಿಸಿ ಹೇಳಿದುದು ಮಾತ್ರ ವೈನಲ್ಲ, ಈರುಳ್ಳಿ! ತಾರಾಗೋನಾಕ್ಕೆ ಸಮೀಪದ ವಾಲ್ಸ್ ಎಂಬ ಊರಿನ ಈ ಬೆಳೆಗೆ ಕಾಲ್ಸೋತ್ ಎಂದು ಹೆಸರು. ಒಮ್ಮೆ ಬೆಳೆದ ಗಡ್ಡೆಯನ್ನು ಮತ್ತೆ ನೆಟ್ಟು, ಮೊಳಕೆಯು ಏರಿದಂತೆಲ್ಲ ಬುಡಕ್ಕೆ ಮಣ್ಣೇರಿಸುತ್ತ ಹೋಗುತ್ತಾರೆ. ಬಿಸಿಲು ಕಾಣದ ದಂಟು ಬೆಳ್ಳಗಾಗಿ ಸವಿಯಾಗುತ್ತದೆ. ಚಳಿಗಾಲದಲ್ಲಿ ಅದನ್ನು ಕಿತ್ತು ಉರಿಯ ಮೇಲೆ ಕರ್ರಗೆ ಸುಡುವುದು, ಸುಟ್ಟ ಸಿಪ್ಪೆಯನ್ನು ಕೈಯಿಂದ ಎಳೆದೊಗೆಯುವುದು, ಬಾದಾಮಿ, ಬೆಳ್ಳುಳ್ಳಿ, ಟೊಮೇಟೊ, ಆಲಿವ್ ಎಣ್ಣೆಗಳ ಗೊಜ್ಜಿನಲ್ಲಿ ಅದ್ದಿ, ಕತ್ತೆತ್ತಿ ಬಾಯಿಗಿಳಿಸುವುದು. ಕೈಯೆಲ್ಲ ಮಸಿ, ಎದೆಗೆ ಮಕ್ಕಳಂತೆ ಬಟ್ಟೆ ಕಟ್ಟಿಕೊಂಡು ಮುದುಕರೂ ಕುಳಿತಿರುತ್ತಾರಂತೆ. ಜನವರಿಯ ಕೊನೆಯ ಭಾನುವಾರ ಆ ಊರಿಗೆ ಅದೇ ಜಾತ್ರೆ. “ಮಾಮಾ, ನಮ್ಮ ಸೀತನೀನ ನೆನಪಾತು” ಎಂದಳು. ಹೌದಲ್ಲವೆ! ಹೊಲದಲ್ಲಿಯೇ ಎಳೆಯ ಜೋಳದ ತೆನೆಯನ್ನು ಸುಟ್ಟು, ಉಜ್ಜಿ, ಬಿಸಿಬಿಸಿಯಾಗಿ ಮುಕ್ಕುವ ಆ ಸುಖವೂ ಕೆಲವೇ ವಾರಗಳದು. ಆ ವಾರಗಳನ್ನು ಕಳೆದುಕೊಂಡ ಅತಿಥಿಯು ಮುಂದಿನ ವರ್ಷ ಬರಬೇಕು. ವರ್ಷವಿಡೀ ದೊರೆಯುವ ಊಟಕ್ಕಾಗಿ ಯಾರೂ ದಾರಿ ನಡೆದು ಬರುವುದಿಲ್ಲ.

ಪೋರ್ತೋದ ಪಾಠವು ಬೇರೆ ಬಗೆಯದು. ದೋರೋ ನದಿಯ ಕಣಿವೆಯಲ್ಲಿ ಕಲ್ಲುಬೆಟ್ಟವನ್ನು ಮೆಟ್ಟಲು ಮೆಟ್ಟಲಾಗಿ ಕಡಿದು ದ್ರಾಕ್ಷಿಯನ್ನು ಬೆಳೆಸಿದ್ದಾರೆ. 1756ರಲ್ಲಿಯೇ ಸರ್ಕಾರವು ಆ ಸೀಮೆಗೆ ಎಲ್ಲೆ ಕಟ್ಟಿತು. 2001ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ವಿಶ್ವಪರಂಪರೆಯ ತಾಣವೆಂದು ಗಣಿಸಿತು. ಸುಗ್ಗಿಯಲ್ಲಿ ಹಣ್ಣನ್ನು ಕಲ್ಲುತೊಟ್ಟಿಗೆ ಸುರಿದು ಕಾಲಿನಿಂದ ತುಳಿಯುವ ಪದ್ಧತಿಯು ಕೆಲವು ತೋಟಗಳಲ್ಲಿ ಉಳಿದಿದೆ. ಹಿಂದೆ ಕೂಲಿ ಕೊಟ್ಟು ಮಾಡಿಸುತ್ತಿದ್ದ ಈ ಕೆಲಸವನ್ನು ಇಂದು ಪ್ರವಾಸಿಗಳು ತಾವೇ ಹಣ ತೆತ್ತು ಮಾಡಿಹೋಗುತ್ತಾರೆ. ನಮ್ಮ ಕಡೆ ಕಳೆ ತೆಗೆಯುವುದಕ್ಕೂ ಇಂಥವರು ಸಿಕ್ಕರೆ ಎಷ್ಟು ಚೆನ್ನು! ಆದರೆ ಅದೇ ಪೋರ್ತೋದ ಹಳೆಯ ಕೇರಿಗಳಲ್ಲಿ ಮನೆಗಳು ಒಂದೊಂದಾಗಿ ಪ್ರವಾಸಿಗಳ ಬಿಡದಿಗಳಾದುವು. ಬಾಡಿಗೆಯೇರಿ ತಲೆಮಾರಿನ ನಿವಾಸಿಗಳು ಊರ ಹೊರಗೆ ಸರಿದರು. ಅತಿಥಿಯು ಕಾಣಬಂದ ಊರಿನಲ್ಲಿ ಊರಿನವರೇ ಇಲ್ಲವಾದರೆ ಅವನು ಕಾಣುವುದೇನನ್ನು?

ಅವಳು ಹೋದ ಮರುವರ್ಷ, 2024ರ ಫೆಬ್ರವರಿಯಲ್ಲಿ, ಬಾರ್ಸೆಲೋನಾ ಸುತ್ತಿನ ಪ್ರಾಂತಕ್ಕೆ ಬರಗಾಲದ ತುರ್ತುಸ್ಥಿತಿಯನ್ನು ಸಾರಿ, ನೀರನ್ನು ತಲೆಗೆ ದಿನಕ್ಕೆ 200 ಲೀಟರಿನ ಲೆಕ್ಕಕ್ಕೆ ಇಳಿಸಿದರು. ವಸತಿಗೃಹಗಳ ಈಜುಗೊಳಗಳ ವಿಷಯದಲ್ಲಿ ವಾದವೆದ್ದಿತು. ಜುಲೈಯಲ್ಲಿ ಆ ನಗರದ ಕೆಲವರು ಬೀದಿಯಲ್ಲಿ ಊಟಕ್ಕೆ ಕುಳಿತ ಪ್ರವಾಸಿಗಳ ಮೇಲೆ ಆಟದ ಪಿಚಕಾರಿಯಿಂದ ನೀರೆರಚಿದರು. ಅತಿಥಿಯನ್ನು ದೇವರೆನ್ನುವ ನಮಗೆ ಇದು ಅನಾಗರಿಕವೆಂದು ತೋರಬಹುದು. ಟ್ಯಾಂಕರಿನ ನೀರಿನಿಂದ ಬಳ್ಳಿಯನ್ನು ಬದುಕಿಸಿಕೊಂಡ ನನ್ನ ಅಕ್ಕನಿಗೆ ಹಾಗೆ ತೋರಲಿಲ್ಲ. “ಪಾಪ, ಅವರ ಬಾವೀನೂ ಬತ್ತಿರಬೇಕು” ಎಂದಳು.

ಮೂರು ದೇಶದ ಪಂಡಿತರು ಒಂದುಗೂಡಿದುದರ ಪ್ರಯೋಜನವನ್ನು ನಾನು ಕಂಡುದು ಇಲ್ಲಿ. ಒಂದೇ ಊರನ್ನು ಬಲ್ಲವನು ತನ್ನೂರಿನ ಲಾಭವನ್ನು ಲೋಕದ ನಿಯಮವೆಂದು ನಂಬುತ್ತಾನೆ. ಕಣಿವೆಯ ತೋಟಕ್ಕೆ ಅನ್ನವಿತ್ತ ಪ್ರವಾಸವೇ ಪಟ್ಟಣದ ಕೇರಿಯನ್ನು ಬರಿದು ಮಾಡಿತೆಂಬುದು ಎರಡನ್ನೂ ನೋಡಿದವನಿಗೆ ಮಾತ್ರ ಹೊಳೆದೀತು. ಆದರೆ ಈ ವಿದ್ಯೆಯ ಅಳತೆಗೋಲುಗಳೆಲ್ಲ ಸಿರಿವಂತ ಸೀಮೆಗಳಲ್ಲಿ ಸಿದ್ಧವಾದುವು. ತಿಕೋಟಾದ ಒಲೆಯ ಮುಂದೆ ಅವು ಎಷ್ಟು ನಿಲ್ಲುವುವೋ ಎಂಬ ಅನುಮಾನವು ನನಗೆ ಇದ್ದೇ ಇತ್ತು.

ಹುಡುಗಿಯು ಓದು ಮುಗಿಸಿ ಊರಿಗೆ ಬಂದಿದ್ದಾಳೆ. ಗೋಳಗುಮ್ಮಟವನ್ನು ನೋಡಲು ಬಂದವರಲ್ಲಿ ಕೆಲವರನ್ನಾದರೂ ತೋಟಕ್ಕೆ ಕರೆತಂದು, ದ್ರಾಕ್ಷಿ ಒಣಗುವ ಪರಿಯನ್ನು ತೋರಿಸಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟ ಹಾಕಬೇಕೆಂದು ಅವಳ ಹಂಚಿಕೆ. ಸಾಲದ ಕಂತುಗಳು ಕಾದಿವೆ. ಇದು ಆಟದ ಮಾತಲ್ಲ. ದಿನಕ್ಕೆ ನಲವತ್ತು ಮಂದಿಯಾದರೆ ಗಿಟ್ಟುತ್ತದೆಂದು ಭಾವನವರ ಮತ. ಅಕ್ಕ ಕೊಡಗಳನ್ನು ಎಣಿಸಿ, “ಹನ್ನೆರಡು ಮಂದಿ. ಹದಿಮೂರನೇದವ ಬಂದರ ನಾಳೆ ಬಾ ಅನ್ನು” ಎಂದು ತೀರ್ಮಾನ ಕೊಟ್ಟಳು. ಮಗಳು ಹನ್ನೆರಡನ್ನೇ ಬರೆದುಕೊಂಡಳು.

ಮೊನ್ನೆ ನಾನು ಹೋದಾಗ ತಾಯಿಮಕ್ಕಳ ನಡುವೆ ಲೆಕ್ಕದ ಹಾಳೆಯಿತ್ತು. ಹಿಟ್ಟು, ಶೇಂಗಾ, ಸೌದೆ, ನೀರು, ರೊಟ್ಟಿ ಬಡಿಯಲು ಬರುವ ಹೆಂಗಸಿನ ಕೂಲಿ, ಎಲ್ಲಕ್ಕೂ ಎದುರಿಗೆ ಅಂಕೆಗಳು ಬಿದ್ದಿದ್ದುವು.

“ಅವ್ವಾ, ನಿನ್ನ ಕೂಲಿ ಎಷ್ಟು ಹಚ್ಚಲಿ?”

“ನಂದೆಂಥಾ ಕೂಲಿ ಬಿಡು. ಮನ್ಯಾಗ ಅಡಿಗಿ ಮಾಡಾಕ ಯಾರರ ರೊಕ್ಕ ತಗೋತಾರೇನು?”

“ಹಚ್ಚಲಾರದ ಈ ಲೆಕ್ಕ ಮುಗಿಯೂದಿಲ್ಲವ್ವಾ. ಊಟದ ಬೆಲಿ ಕಡಿಮಿ ಅಂತ ಮಂದಿ ಬರತಾರ, ನೀ ದುಡಿದು ದುಡಿದು ಹಾಸಿಗಿ ಹಿಡೀತಿ.”

ಅಕ್ಕ ಹಾಳೆಯನ್ನು ತಿರುಗಿಸಿ ನೋಡಿದಳು, ನನ್ನತ್ತ ನೋಡಿದಳು, ಬಳಿಕ ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದೆಯೆಂದು ಎದ್ದು ಒಳಗೆ ಹೋದಳು. ಆ ಸಾಲು ಇನ್ನೂ ತೆರವಾಗಿದೆ.