ಬೋಲ್ಟನ್ ಮನೆಗೆ ಬ್ರಿಸ್ಟಲ್ ವಕೀಲರು

ಬೋಲ್ಟನ್ನಿನ ಮನೆ ಮಾರಲು ಬ್ರಿಸ್ಟಲ್ಲಿನ ಸಾಲಿಸಿಟರ್ ಒಬ್ಬರನ್ನು ಗೊತ್ತುಮಾಡಿಕೊಂಡಿದ್ದೇವೆ ಎಂದಾಗ ಮ್ಯಾಂಚೆಸ್ಟರ್ ಕಡೆಯ ಕನ್ನಡದ ಗೆಳೆಯರೆಲ್ಲ ಹುಬ್ಬೇರಿಸಿದರು. "ಮನೆ ಇಲ್ಲಿ, ವಕೀಲರು ಅಲ್ಲಿ. ನಾಳೆ ಏನಾದರೂ ತಕರಾರು ಬಂದರೆ ಯಾರ ಬಾಗಿಲು ತಟ್ಟುತ್ತೀರಿ ಮಾರಾಯರೆ?" ಎಂದು ಉಡುಪಿ ಕಡೆಯವರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಎರಡೂ ಊರುಗಳ ನಡುವೆ ರೈಲಿನಲ್ಲಿ ಮೂರು ಗಂಟೆಗೂ ಮಿಕ್ಕಿದ ಹಾದಿ.

ನಾವು ಇಪ್ಪತ್ತೆರಡು ವರ್ಷ ಇದ್ದ ಆ ಸಾಲುಮನೆಯ ಮೆಟ್ಟಿಲು ಏಣಿಯಷ್ಟು ಕಡಿದು. ಹೆಂಡತಿಯ ಮೊಣಕಾಲು ಇನ್ನು ಅದಕ್ಕೆ ಒಪ್ಪುತ್ತಿರಲಿಲ್ಲ. ಮಗಳು ಇರುವುದು ಬ್ರಿಸ್ಟಲ್ಲಿನಲ್ಲಿ. ಅವಳ ಮನೆಯ ಹತ್ತಿರವೇ ನೆಲಮಟ್ಟದ ಫ್ಲ್ಯಾಟೊಂದು ಸಿಕ್ಕಿತು. ಇಲ್ಲಿನ ಮನೆಯ ಹಣ ಬಂದ ದಿನವೇ ಅಲ್ಲಿಗೆ ಹೋಗಬೇಕಾದ್ದರಿಂದ ಮಾರುವುದನ್ನೂ ಕೊಳ್ಳುವುದನ್ನೂ ಒಬ್ಬರೇ ವಕೀಲರಿಗೆ ಒಪ್ಪಿಸುವುದು ಇಂಗ್ಲೆಂಡಿನಲ್ಲಿ ವಾಡಿಕೆ. ಅಂದಮೇಲೆ ಊರು ಬಿಟ್ಟು ಊರಿಗೆ ಹೋಗುವವರಿಗೆ ಒಂದು ತುದಿಯಲ್ಲಂತೂ ವಕೀಲರು ಪರಊರಿನವರೇ. ಯಾವ ತುದಿಯಲ್ಲಿ ಎನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ನನ್ನ ಲೆಕ್ಕ ಹೀಗಿತ್ತು. ಇಲ್ಲಿನ ಕಾನೂನಿನ ಪ್ರಕಾರ ಹೆಚ್ಚು ಎಚ್ಚರ ವಹಿಸಬೇಕಾದವರು ಕೊಳ್ಳುವವರು. ಹತ್ತಿರ ರಸ್ತೆ ಬರಲಿದೆಯೇ, ಚರಂಡಿ ಯಾರದು, ನೆಲದಡಿ ಹಳೆಯ ಕಲ್ಲಿದ್ದಲ ಗಣಿಯಿದೆಯೇ (ಬೋಲ್ಟನ್ ಸುತ್ತ ಇದು ಸುಮ್ಮನೆ ಕೇಳುವ ಮಾತಲ್ಲ) ಎಂದೆಲ್ಲ ದಾಖಲೆ ತರಿಸಿ ನೋಡುವುದು ಕೊಳ್ಳುವವರ ವಕೀಲರ ಕೆಲಸ. ಮಾರುವವರ ವಕೀಲರು ಮುಖ್ಯವಾಗಿ ತೋರಿಸಬೇಕಾದದ್ದು ಹಕ್ಕಿನ ದಾಖಲೆ. ಅದು 1862ರಲ್ಲಿ ಶುರುವಾದ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಇದೆ. ಕೆಲವು ಪೌಂಡ್ ಕಟ್ಟಿದರೆ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ತೆಗೆದು ನೋಡಬಹುದು. ಊರು ಬಲ್ಲವರು ನಮಗೆ ಬೇಕಾಗಿದ್ದದ್ದು ಕೊಳ್ಳುವ ಕಡೆಯಲ್ಲಿ.

ಮನೆ ತೋರಿಸುವ ಏಜೆಂಟ್ ತಾನೇ ಒಂದು ಕಂಪನಿಯ ಹೆಸರು ಹೇಳಿದ. ಹಾಗೆ ಗಿರಾಕಿ ಕಳಿಸಿದ್ದಕ್ಕೆ ಏಜೆಂಟರಿಗೆ ದುಡ್ಡು ಸಿಗುವುದುಂಟು. ಅದನ್ನು ಅವರು ಮುಚ್ಚಿಡುವಂತಿಲ್ಲ. ಇವನೂ ಮುಚ್ಚಿಡಲಿಲ್ಲ, ಕರಪತ್ರದ ಕೊನೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿತ್ತು. ಆ ಕಂಪನಿಯೂ ಬೋಲ್ಟನ್ನಿನದಲ್ಲ. ಫೋನ್ ಮಾಡಿದಾಗಲೆಲ್ಲ ಬೇರೆ ಬೇರೆ ದನಿ ಉತ್ತರಿಸುವ ಜಾಗ. ಬ್ರಿಸ್ಟಲ್ಲಿನ ವಕೀಲೆ ಮಾತ್ರ ಮೊದಲ ಫೋನನ್ನು ತಾವೇ ಎತ್ತಿಕೊಂಡು, "ನಿಮ್ಮ ಕಡತ ಕೊನೆಯವರೆಗೂ ನನ್ನ ಮೇಜಿನ ಮೇಲೇ ಇರುತ್ತದೆ" ಎಂದರು. ನನಗೆ ಮೈಲಿಗಿಂತ ಆ ಮಾತು ಮುಖ್ಯವಾಯಿತು.

ಇನ್ನು ಊರಿನದೇ ಆದ ಹಳೆಯ ವಕೀಲ ಕಚೇರಿ ಇತ್ತಲ್ಲ? ಇತ್ತು. ಆದರೆ ಆರು ವರ್ಷದ ಹಿಂದೆ ಹಿತ್ತಿಲ ಗೋಡೆ ವಾಲಿದಾಗ, ಪಕ್ಕದ ಮನೆಯವರ ಪರವಾಗಿ ನಮಗೆ ಖಾರವಾದ ಪತ್ರ ಬರೆದದ್ದು ಅದೇ ಕಚೇರಿ. ದಪ್ಪ ಕಾಗದ, ಅದಕ್ಕೆ ತಕ್ಕ ಭಾಷೆ. ಕೊನೆಗೆ ಖರ್ಚನ್ನು ಅರ್ಧರ್ಧ ಹಂಚಿಕೊಂಡು ಗೋಡೆ ಕಟ್ಟಿಸಿದೆವು, ಕ್ರಿಸ್‌ಮಸ್ಸಿಗೆ ಕಾರ್ಡುಗಳೂ ಮತ್ತೆ ಓಡಾಡಿದವು. ಆದರೂ ಆ ಮೆಟ್ಟಿಲು ಹತ್ತಲು ಮನಸ್ಸಾಗಲಿಲ್ಲ.

ಊರೆಲ್ಲ ಬಲ್ಲ ವಕೀಲರ ರುಚಿ ನಮಗೆ ಸಾಗರದಲ್ಲಿ ಅಪ್ಪನ ಮನೆ ಮಾರುವಾಗಲೇ ಸಿಕ್ಕಿತ್ತು. ಅವರಿಗೆ ನಮ್ಮ ಅಜ್ಜನೂ ಗೊತ್ತು, ಚಿಕ್ಕಪ್ಪ ಪಾಲು ಕೇಳಿ ಮುನಿಸಿಕೊಂಡು ಹೋದದ್ದೂ ಗೊತ್ತು. ನಮ್ಮನ್ನು ಏನೂ ಕೇಳದೆಯೇ ಖಾತೆ, ಇಸಿ, ವಂಶವೃಕ್ಷ ಎಲ್ಲ ಒದಗಿಸಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸಿದರು. ಅಂದು ಸಂಜೆಯೊಳಗೆ ಮನೆ ಎಷ್ಟಕ್ಕೆ ಹೋಯಿತು ಎನ್ನುವುದು ಹೋಟೆಲಿನ ಮಾಣಿಗೂ ಗೊತ್ತಾಗಿತ್ತು.

ಬ್ರಿಸ್ಟಲ್ಲಿನವರಿಗೆ ನಮ್ಮ ಬಗ್ಗೆ ಏನೂ ಗೊತ್ತಿಲ್ಲ, ಹಾಗಾಗಿ ಎಲ್ಲವನ್ನೂ ಕೇಳಿದರು. ಆ ಕಡೆಯ ಎಷ್ಟೋ ಹಳೆಯ ಮನೆಗಳಂತೆ ನಮ್ಮದೂ 999 ವರ್ಷದ ಗುತ್ತಿಗೆಯ ಮನೆ. ವರ್ಷಕ್ಕೆ ಮೂರು ಪೌಂಡ್ ನೆಲಬಾಡಿಗೆ. ಅದರ ಕೊನೆಯ ರಸೀದಿ ಎಲ್ಲಿ ಎಂದರು. ಬಿಸ್ಕೆಟ್ ಡಬ್ಬಿಯಿಂದ ಹೆಂಡತಿ ತೆಗೆದುಕೊಟ್ಟಳು.

ಆಮೇಲೆ ಬಂತು ಟಿಎ6. ಲಾ ಸೊಸೈಟಿಯವರು ಸಿದ್ಧಮಾಡಿದ ಈ ನಮೂನೆಯನ್ನು ಮಾರುವವರೇ ತುಂಬಬೇಕು. ನೀರು ನುಗ್ಗಿತ್ತೇ, ಗೋಡೆ ಒಡೆದು ಕಟ್ಟಿದ್ದೀರಾ, ಬೇಲಿ ಯಾರದು. ಅದರ ನಡುವೆ ಒಂದು ಪ್ರಶ್ನೆ: ಈ ಮನೆಗೋ ಹತ್ತಿರದ ಮನೆಗೋ ಸಂಬಂಧಿಸಿ ಹಿಂದೆ ಏನಾದರೂ ತಕರಾರು, ದೂರು ಇತ್ತೇ?

"ರೀ, ಮುಗಿದು ಹೋದ ಗೋಡೆ ಕತೆ ಈಗ ಯಾಕೆ ಎಬ್ಬಿಸ್ತೀರಿ?" ಎಂದಳು ಹೆಂಡತಿ. "ಆ ಬ್ರಿಸ್ಟಲ್ ಹೆಂಗಸಿಗೆ ಹೇಗೆ ಗೊತ್ತಾಗಬೇಕು?"

ಅವಳ ಭಯ ನನಗೂ ಇತ್ತು. ಇಲ್ಲಿ ಸಹಿ ಮಾಡಿದ ಕರಾರು ಪತ್ರಗಳು ಕೈಬದಲಾಗುವ ತನಕ ಯಾರು ಬೇಕಾದರೂ ಹಿಂದೆ ಸರಿಯಬಹುದು. ಕೊಳ್ಳಲು ಬಂದಿದ್ದವಳು ಚಿಕ್ಕ ವಯಸ್ಸಿನ ನರ್ಸು, ಮೊದಲ ಮನೆ. ಅವಳು ಹೆದರಿ ಕೈಬಿಟ್ಟರೆ ಬ್ರಿಸ್ಟಲ್ಲಿನ ಫ್ಲ್ಯಾಟೂ ಹೋಯಿತು, ಹೆಂಡತಿಗೆ ಇನ್ನೊಂದು ಚಳಿಗಾಲ ಆ ಮೆಟ್ಟಿಲು. ಇಲ್ಲ ಎಂಬ ಖಾನೆಗೆ ಒಂದು ಗುರುತು ಹಾಕಿದರೆ ಮುಗಿಯಿತು. ಸ್ಥಳೀಯ ವಕೀಲರಾಗಿದ್ದರೆ ಅವರ ಕಡತದಲ್ಲೇ ಆ ಪತ್ರದ ಪ್ರತಿ ಇತ್ತು, ನಾಚಿಕೆಗಾದರೂ ನಿಜ ಬರೆಯಬೇಕಾಗುತ್ತಿತ್ತು. ದೂರದವರ ಮುಂದೆ ಆ ನಾಚಿಕೆ ಇಲ್ಲ.

ಆ ಖಾನೆಯ ಬಗ್ಗೆ ಫೋನಿನಲ್ಲಿ ಕೇಳಿದೆ. ಅವರು ಸ್ವಲ್ಪ ಸುಮ್ಮನಿದ್ದು, "ನನಗೆ ನಿಮ್ಮ ಊರೂ ಗೊತ್ತಿಲ್ಲ, ಗೋಡೆಯೂ ಗೊತ್ತಿಲ್ಲ. ಗೊತ್ತಿರುವುದು ನಿಮಗೆ. ಉತ್ತರ ನಿಮ್ಮದು, ಸಹಿ ನಿಮ್ಮದು" ಎಂದರು. ತಪ್ಪು ಮಾಹಿತಿ ನಂಬಿ ಕೊಂಡವರು 1967ರ ಕಾಯಿದೆಯಡಿ ಆಮೇಲೂ ಪರಿಹಾರ ಕೇಳಬಹುದು ಎಂಬುದನ್ನು ಒಂದೇ ವಾಕ್ಯದಲ್ಲಿ ಸೇರಿಸಿದರು.

ಇತ್ತು ಎಂದು ಬರೆದೆ. ಪತ್ರದ ಪ್ರತಿಯನ್ನೂ ಗೋಡೆ ಕಟ್ಟಿದವನ ಬಿಲ್ಲನ್ನೂ ಜೊತೆಗಿಟ್ಟೆ. ಹೆಂಡತಿ ಎರಡು ದಿನ ಅಷ್ಟಕ್ಕಷ್ಟೇ ಮಾತಾಡಿದಳು. ಆ ಕಡೆಯ ವಕೀಲರಿಂದ ಮೂರು ಪ್ರಶ್ನೆ ಬಂದವು, ಹದಿನೈದು ದಿನ ತಡವಾಯಿತು. ಒಂದು ಶನಿವಾರ ಆ ಹುಡುಗಿಯೇ ಬಂದು ಹಿತ್ತಿಲಲ್ಲಿ ನಿಂತು ಗೋಡೆಯನ್ನು ಕೈಯಿಂದ ಒತ್ತಿ ನೋಡಿದಳು. ಪಕ್ಕದ ಮನೆಯ ಬಾಗಿಲನ್ನೂ ತಟ್ಟಿದಳು. ಅಲ್ಲಿ ಏನು ಮಾತಾಯಿತೋ, ನಾವು ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಳ್ಳಲು ಪ್ರಯತ್ನಪಟ್ಟದ್ದು ಪ್ರಯೋಜನವಾಗಲಿಲ್ಲ. ಸೋಮವಾರ ವ್ಯಾಪಾರ ಮುಂದುವರಿಯಿತು.

ಇಮೇಲು, ಆ್ಯಪು ಎಂದು ಇಷ್ಟೆಲ್ಲ ದೂರದಿಂದಲೇ ನಡೆದರೂ ಒಂದು ಕಡೆ ಮಾತ್ರ ಕಾನೂನಿಗೆ ಪಕ್ಕದಲ್ಲೇ ಒಬ್ಬರು ಮನುಷ್ಯರು ಬೇಕು. ವರ್ಗಾವಣೆ ಪತ್ರಕ್ಕೆ ನಾವು ಸಹಿ ಹಾಕುವುದನ್ನು ಸಾಕ್ಷಿಯಾದವರು ಎದುರಿಗೇ ನಿಂತು ನೋಡಬೇಕು. "ಗೋಡೆಯವರನ್ನೇ ಕರೀರಿ" ಎಂದು ಹೆಂಡತಿ ತಮಾಷೆ ಮಾಡಿದಳು. ನಾನು ಎದುರು ಮನೆಯ ಅಜ್ಜಿಯನ್ನು ಕರೆದೆ. ಅವರು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಚಹಾ ಕುಡಿದು, ಸಹಿ ಹಾಕಿ, ಸ್ವಲ್ಪ ಅತ್ತರು.

ಹಣ ಸೇರಿತು ಎಂದು ಬ್ರಿಸ್ಟಲ್ಲಿನಿಂದ ಫೋನ್ ಬಂದಾಗ ನಾವು ಆಗಲೇ ಮಗಳ ಕಾರಿನಲ್ಲಿ ಹೆದ್ದಾರಿಯ ಮೇಲಿದ್ದೆವು. ಆ ವಕೀಲೆಯ ಕಚೇರಿ ಈಗ ನಮ್ಮ ಫ್ಲ್ಯಾಟಿನಿಂದ ಬಸ್ಸಿನಲ್ಲಿ ಹತ್ತು ನಿಮಿಷ. ಒಂದು ದಿನ ಹೋಗಿ ಮೈಸೂರು ಪಾಕ್ ಕೊಟ್ಟು ಬರಬೇಕು ಎಂದು ಹೆಂಡತಿ ಹೇಳುತ್ತಲೇ ಇದ್ದಾಳೆ. ಇನ್ನೂ ಅವರ ಮುಖ ನೋಡಿಲ್ಲ.