ಚಳಿಗಾಲಕ್ಕೆ ಮುಂಚೆ ಮನೆಯ ಕೆರೆ

ಕಾಸರಗೋಡಿನ ನಮ್ಮ ತೋಟದ ಮನೆಗಳಿಗೆ ಈಜುಕೊಳ ಎಂದರೆ ಕೆರೆಯೇ. ಅಡಿಕೆಗೆ ನೀರು ಬಿಡುವುದೂ ಅದರಿಂದ, ಮಕ್ಕಳು ಈಜು ಕಲಿಯುವುದೂ ಅದರಲ್ಲಿ.

ತುಲಾ ತಿಂಗಳ ಮಳೆ ನಿಂತು ಚಳಿ ಶುರುವಾಗುವ ಹೊತ್ತಿಗೆ ಕೆರೆಯ ಕೆಲಸ ಹಿಡಿಯುತ್ತೇವೆ. ತೇಲುವ ಸೋಗೆ, ಹಾಳೆ, ಎಲೆಗಳನ್ನು ಎಳೆದು ಹಾಕುತ್ತೇವೆ. ಮುರಕಲ್ಲಿನ ಮೆಟ್ಟಿಲುಗಳ ಪಾಚಿ ತಿಕ್ಕುತ್ತೇವೆ. ಮಕ್ಕಳು ಜಾರುವುದು ಅಲ್ಲಿಯೇ. ಕೊಳೆನೀರು ತರುವ ಕಣಿಯನ್ನು ಬೇರೆ ಕಡೆಗೆ ತಿರುಗಿಸುತ್ತೇವೆ. ಹೂಳು ತೆಗೆಯುವುದು ಮಾತ್ರ ನೀರು ತಳ ಹಿಡಿಯುವ ಬೇಸಗೆಯಲ್ಲಿ.

2024ರಲ್ಲಿ ಕೇರಳದಲ್ಲಿ ಅಮೀಬಾ ಮೆದುಳುಜ್ವರಕ್ಕೆ ಮಕ್ಕಳು ಬಲಿಯಾದ ಮೇಲೆ ಹಲವು ಮನೆಗಳಲ್ಲಿ ಕೆರೆಗೆ ಇಳಿಯುವುದೇ ನಿಂತಿತು. ಹೆದರಿಕೆ ಸಹಜ. ಆದರೆ ಯಾರೂ ಇಳಿಯದ ಕೆರೆಯನ್ನು ಯಾರೂ ತೊಳೆಯುವುದಿಲ್ಲ. ಹೊಳೆ, ತೋಡು, ಕೆರೆಗಳ ನಡುವೆ ಬೆಳೆಯುವ ಮಕ್ಕಳಿಗೆ ಈಜು ಬಾರದಿರುವುದೂ ಅಪಾಯವೇ.

ಆ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ, ತಳದ ಕೆಸರಿನಲ್ಲಿ ಇರುತ್ತದೆ. ಮೂಗಿನ ಮೂಲಕ ಮೆದುಳಿಗೆ ಹೋಗುತ್ತದೆ. ನೀರು ಕುಡಿದರೆ ಈ ರೋಗ ಬರುವುದಿಲ್ಲ. ಆದ್ದರಿಂದ ಮಕ್ಕಳಿಗೆ ನಾವು ಹೇಳುವುದಿಷ್ಟು: ಮೇಲಿಂದ ಹಾರಬೇಡಿ, ಕೆಸರು ಕಲಕಬೇಡಿ, ಮೂಗಿಗೆ ಕ್ಲಿಪ್ ಹಾಕಿ, ದೊಡ್ಡವರಿಲ್ಲದೆ ಇಳಿಯಬೇಡಿ. ಮಿಂದ ಕೆಲವು ದಿನಗಳಲ್ಲಿ ಜ್ವರ, ವಿಪರೀತ ತಲೆನೋವು, ವಾಂತಿ ಬಂದರೆ ವೈದ್ಯರಿಗೆ ಕೆರೆಯ ವಿಷಯ ಮರೆಯದೆ ಹೇಳಬೇಕು.

ತರಗತಿಯಲ್ಲಿ ಇದೇ ಗಣಿತದ ಲೆಕ್ಕವೂ ಆಗುತ್ತದೆ. 20 ಅಡಿ ಉದ್ದ, 15 ಅಡಿ ಅಗಲ, 6 ಅಡಿ ನೀರು ಇದ್ದರೆ 1,800 ಘನ ಅಡಿ. ಘನ ಅಡಿಗೆ 28.3 ಲೀಟರಿನಂತೆ ಸುಮಾರು 51,000 ಲೀಟರ್. ಬ್ಲೀಚಿಂಗ್ ಪೌಡರ್ ಎಷ್ಟು ಬೇಕೆಂದು ಆರೋಗ್ಯ ಕೇಂದ್ರದಲ್ಲಿ ಕೇಳುವ ಮೊದಲು ಈ ಅಂಕಿ ಕೈಯಲ್ಲಿರಲಿ. ಕೆರೆ ಅಳೆಯುವ ಕೆಲಸವನ್ನು ಮಕ್ಕಳಿಗೇ ಕೊಡಿ, ಹಗ್ಗದ ಇನ್ನೊಂದು ತುದಿ ನೀವು ಹಿಡಿಯಿರಿ.