ಅಪ್ಪನ ತಕ್ಕಡಿ ಮತ್ತು ನಾಲ್ಕು ಊರುಗಳು

ಕಾರ್ಕಳದ ಗೊಮ್ಮಟನನ್ನು ನೋಡಲು ಬಂದವರೆಲ್ಲ ತಲೆಯೆತ್ತಿ ಎತ್ತರ ಅಳೆಯುತ್ತಾರೆ. ನನ್ನ ಅಪ್ಪ ಮಾತ್ರ ಬೇರೆಯೇ ಪ್ರಶ್ನೆ ಕೇಳುತ್ತಿದ್ದರು. 1432ರಲ್ಲಿ ವೀರಪಾಂಡ್ಯ ಅರಸ ಪ್ರತಿಷ್ಠಾಪಿಸಿದ ಈ 42 ಅಡಿಯ ಏಕಶಿಲಾ ಮೂರ್ತಿಯನ್ನು ಬೇರೆ ಕಡೆ ಕೆತ್ತಿ, ಬಂಡಿಯ ಮೇಲೆ ಮಲಗಿಸಿ, ಜನ ಎಳೆದು ಬೆಟ್ಟಕ್ಕೇರಿಸಿದರೆಂದು ಹೇಳುತ್ತಾರೆ. ‘ಎಳೆದವರ ಸುದ್ದಿ ಎಲ್ಲರೂ ಹೇಳುತ್ತಾರೆ. ಅಷ್ಟು ಜನಕ್ಕೆ ಗಂಜಿ ಬೇಯಿಸಿದ್ದು ಯಾರು? ಅಕ್ಕಿ ಎಲ್ಲಿಂದ ಬಂತು?’ ಇದು ಅಪ್ಪನ ಪ್ರಶ್ನೆ.

ಆ ಪ್ರಶ್ನೆಗೆ ಕಾರಣವಿತ್ತು. ಚೀನಾ ಯುದ್ಧದ ಬಳಿಕ ಸೈನ್ಯ ಬೆಳೆಯುತ್ತಿದ್ದ ಕಾಲದಲ್ಲಿ, 1964ರಲ್ಲಿ, ಹತ್ತೊಂಬತ್ತರ ಹರೆಯದ ಅಪ್ಪ ಆರ್ಮಿ ಸರ್ವಿಸ್ ಕೋರ್‌ಗೆ ಸೇರಿದರು. ಸೈನ್ಯಕ್ಕೆ ಅಕ್ಕಿ, ಹಿಟ್ಟು, ಬೇಳೆ, ಇಂಧನ ಮುಟ್ಟಿಸುವ ದಳ ಅದು. ಲಾರಿ ಹೋಗದ ಗುಡ್ಡಗಳಿಗೆ ಹೇಸರಗತ್ತೆಯ ಬೆನ್ನ ಮೇಲೆ ರೇಷನ್ ಹೊರಿಸಿ ಕಳುಹಿಸುವುದೂ ಅದರ ಕೆಲಸ. ‘ಸೇವಾ ಅಸ್ಮಾಕಂ ಧರ್ಮಃ’ ಎಂಬುದು ಅದರ ಧ್ಯೇಯವಾಕ್ಯ. 1965ರ ಯುದ್ಧವನ್ನೂ 1971ರ ಬಾಂಗ್ಲಾ ಯುದ್ಧವನ್ನೂ ಅಪ್ಪ ಕಂಡರು. ಆದರೆ ಸಾಹಸದ ಕತೆ ಕೇಳಿದರೆ ನಗುತ್ತಿದ್ದರು. ‘ನಾನು ಗುಂಡು ಹಾರಿಸಿದ್ದಕ್ಕಿಂತ ಗೋಣಿ ಎಣಿಸಿದ್ದೇ ಹೆಚ್ಚು.’

ಕಳೆದ ವರ್ಷ ಅಪ್ಪ ತೀರಿಕೊಂಡರು. ಕ್ರಿಯೆಗಳೆಲ್ಲ ಮುಗಿದ ಮೇಲೆ, ಅವರು ಬದುಕಿದ ನಾಲ್ಕು ಊರುಗಳನ್ನು ಒಂದೇ ದಿನದಲ್ಲಿ ಸುತ್ತಿ ಬರೋಣವೆಂದು ಕಾರ್ಕಳದಲ್ಲಿ ಬೆಳಗಿನ ಬಸ್ಸು ಹತ್ತಿದೆ. ಬೈಲೂರು, ಹಿರಿಯಡ್ಕ, ಪರ್ಕಳ ದಾಟಿ ಬಸ್ಸು ಮಣಿಪಾಲದಲ್ಲಿ ನಿಂತಿತು. ಇಳಿಯಬೇಕೆನಿಸಿದರೂ ಇಳಿಯಲಿಲ್ಲ. ಮೊದಲು ಉಡುಪಿಗೆ ಹೋದೆ.

ಹದಿನೈದು ವರ್ಷ ಸೇವೆ ಮುಗಿಸಿ 1979ರಲ್ಲಿ ಹವಾಲ್ದಾರ್ ಆಗಿ ಅಪ್ಪ ಊರಿಗೆ ಬಂದಾಗ ಅವರಿಗೆ ಮೂವತ್ತನಾಲ್ಕು. ಆಗ ಉಡುಪಿಗೆ ರೈಲಿರಲಿಲ್ಲ. ಮಂಗಳೂರಿನಿಂದ ಉಡುಪಿಗೆ ರೈಲು ಓಡಿದ್ದು 1993ರಲ್ಲಿ. ಮಂಗಳೂರಿನಲ್ಲಿ ಇಳಿದು, ಬಿಳಿ ಬಣ್ಣದಲ್ಲಿ ಹೆಸರು, ನಂಬರು ಬರೆದ ಕಪ್ಪು ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಪಿಂಚಣಿ ಸಣ್ಣದು, ಮಕ್ಕಳು ಇಬ್ಬರು. ರಥಬೀದಿಗೆ ಹತ್ತಿರದ ಒಂದು ಜೀನಸಿನ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಇಪ್ಪತ್ತೈದು ವರ್ಷ ಅಲ್ಲೇ. ಗಿರಾಕಿಗಳಿಗೆ ಅವರು ‘ಮಿಲಿಟ್ರಿ ಅಣ್ಣೇರ್’.

ಕುಚ್ಚಲಕ್ಕಿ, ಬೆಳ್ತಿಗೆ, ಉದ್ದು, ಮೆಂತೆ ಯಾವುದೇ ಇರಲಿ, ತಕ್ಕಡಿಯ ಮುಳ್ಳು ಸುಮ್ಮನಾಗುವವರೆಗೆ ಅಪ್ಪ ಕೈ ಎತ್ತುತ್ತಿರಲಿಲ್ಲ. ಆಮೇಲೆ ಪೊಟ್ಟಣ ಕಟ್ಟಿ ನೂಲು ಸುತ್ತಿ ಹಲ್ಲಿನಿಂದ ಕಡಿಯುವರು. ಗಡಿಯಲ್ಲಿ ಒಂದು ಕಿಲೋ ಕಡಿಮೆಯಾದರೆ ಒಬ್ಬ ಜವಾನನ ಊಟ ಕಡಿಮೆ. ಇಲ್ಲಿ ಕಡಿಮೆಯಾದರೆ ಒಂದು ಮನೆಯದು. ಅವರ ಲೆಕ್ಕ ಅಷ್ಟೇ.

ಉಡುಪಿಯಲ್ಲಿ ಅಪ್ಪನಿಗೆ ತುಂಬ ಹಿಡಿಸಿದ್ದು ಪರ್ಯಾಯದ ಸಿದ್ಧತೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಕೃಷ್ಣಪೂಜೆಯ ಅಧಿಕಾರ ಹಸ್ತಾಂತರವಾಗುತ್ತದೆ. ಜನ ಮೆರವಣಿಗೆ ನೋಡುತ್ತಾರೆ. ಆದರೆ ಅದಕ್ಕೆ ಎಷ್ಟೋ ತಿಂಗಳು ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ನಡೆದಿರುತ್ತವೆ. ಎಲೆ ಎಲ್ಲಿಂದ, ಅಕ್ಕಿ ಎಲ್ಲಿಂದ, ಸೌದೆ ಎಲ್ಲಿಂದ ಎಂಬುದೆಲ್ಲ ಮೊದಲೇ ತೀರ್ಮಾನ. ರಥದ ಆಕಾರದಲ್ಲಿ ಒಟ್ಟಿದ ಕಟ್ಟಿಗೆಯ ರಾಶಿಯ ಮುಂದೆ ನನ್ನನ್ನು ನಿಲ್ಲಿಸಿ ಅಪ್ಪ ಹೇಳಿದ್ದರು: ‘ನೋಡು, ಇದು ನಮ್ಮ ಸಪ್ಲೈ ಡಿಪೋ ಹಾಗೆಯೇ!’

ಅಂಗಡಿ ಈಗಿಲ್ಲ, ಅಲ್ಲಿ ಬಟ್ಟೆ ಮಾರುತ್ತಾರೆ. ಪಕ್ಕದಲ್ಲಿ ಮಲ್ಲಿಗೆ ಮಾರುವ ವೃದ್ಧೆಗೆ ಮಾತ್ರ ನೆನಪಿತ್ತು. ‘ನಮಗೆ ಕಡ ಕೊಡಿಸಿದವರು ಅವರೇ. ಧಣಿಗಳ ಹತ್ತಿರ ಅವರೇ ಜಾಮೀನು’ ಎಂದರು. ಮನೆಯಲ್ಲಿ ನಮಗೆ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ.

ಅಂಗಡಿಯ ಬಾಗಿಲಿಗೆ ದಿನಾ ಬರುತ್ತಿದ್ದ ಇನ್ನೊಬ್ಬರೆಂದರೆ ಪಿಗ್ಮಿ ಸಂಗ್ರಾಹಕರು. 1925ರಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಗೆಳೆಯರು ಉಡುಪಿಯಲ್ಲಿ ಕಟ್ಟಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕಿತ್ತು. ಮನೆಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಅದು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಚಹಾದ ದುಡ್ಡು ಉಳಿಸಿ ಅಪ್ಪ ಕಟ್ಟಿದ ಪಿಗ್ಮಿಯೇ ನನ್ನ ಕಾಲೇಜಿನ ಮೊದಲ ಫೀಸು.

ಮಧ್ಯಾಹ್ನದ ಬಸ್ಸಿನಲ್ಲಿ ಮಣಿಪಾಲಕ್ಕೆ ಹಿಂದಿರುಗಿ ಇಳಿದೆ. ಬೋಳುಗುಡ್ಡದ ಮೇಲೆ 1953ರಲ್ಲಿ ವೈದ್ಯಕೀಯ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದ ಊರಿದು. ಇಲ್ಲಿ ಓದುವಾಗ ನಾನು ಹಾಸ್ಟೆಲಿನಲ್ಲಿದ್ದೆ. 1989ರ ಒಂದು ಮಧ್ಯಾಹ್ನ ಊಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಮೆಸ್ಸಿನ ಮುಂದೆ ಅಕ್ಕಿಯ ಟೆಂಪೋ ಬಂತು. ಬನಿಯನ್ನು, ಹೆಗಲ ಮೇಲೆ ಗೋಣಿ, ಬಂದವರು ಅಪ್ಪ. ನನ್ನ ಪಕ್ಕದಲ್ಲಿ ದೂರದ ಪಟ್ಟಣಗಳ ಗೆಳೆಯರು. ನಾನು ಮುಖ ತಿರುಗಿಸಿದೆ.

ಅಪ್ಪ ನೋಡಿದರು. ಒಂದು ಗಳಿಗೆ ಅಷ್ಟೇ. ಆಮೇಲೆ ‘ಸ್ವಲ್ಪ ಬದಿಗೆ ನಿಲ್ಲಿ ಮಾರಾಯ್ರೇ, ಗೋಣಿ ತಾಗೀತು’ ಎಂದು ಒಳಗೆ ನಡೆದರು. ಹುಟ್ಟಿದಂದಿನಿಂದ ‘ನೀನು’ ಎಂದವರು ಅಂದು ನನಗೆ ಬಹುವಚನ ಹಚ್ಚಿದರು. ನನ್ನ ಮಾನ ಉಳಿಸಲು ತಾವೇ ಅಪರಿಚಿತರಾದರು. ಆ ವಾರ ಮನೆಗೆ ಹೋದಾಗ ಎಂದಿನಂತೆ ‘ಊಟ ಸರಿ ಉಂಟಾ? ಅಕ್ಕಿ ಒಳ್ಳೆಯದೇ ಹಾಕಿದ್ದೇನೆ’ ಎಂದರು. ಬೇರೇನೂ ಹೇಳಲಿಲ್ಲ.

ಸಂಜೆ ಕಾಪುವಿಗೆ ಹೋದೆ. ಅಮ್ಮನ ತವರು ಇಲ್ಲೇ ಹತ್ತಿರ. ಭಾನುವಾರ ಅಜ್ಜಿಮನೆಗೆ ಬಂದರೆ ಅಪ್ಪ ನಮ್ಮನ್ನು ಸಮುದ್ರದ ಬಂಡೆಯ ಮೇಲಿನ ದೀಪಸ್ತಂಭಕ್ಕೆ ಕರೆದೊಯ್ಯುತ್ತಿದ್ದರು. 1901ರಿಂದ ದೋಣಿಗಳಿಗೆ ದಾರಿ ತೋರುತ್ತಿರುವ ದೀಪವದು. ಅವರ ಕೊನೆಯ ವರ್ಷಗಳಲ್ಲಿ ಒಮ್ಮೆ ಅಲ್ಲೇ ಕುಳಿತು ಮೆಸ್ಸಿನ ಸಂಗತಿ ಎತ್ತಿದೆ. ತಪ್ಪಾಯಿತೆಂದೆ. ಅಪ್ಪ ಸಮುದ್ರ ನೋಡುತ್ತಲೇ ಹೇಳಿದರು: ‘ಗೋಣಿ ತಾಗಿದ್ದರೆ ನಿನ್ನ ಬಿಳಿ ಅಂಗಿ ಮಾಸುತ್ತಿತ್ತಲ್ಲ, ಅದಕ್ಕೆ ಹೇಳಿದ್ದು.’ ಮತ್ತೆ ಆ ಮಾತು ಮುಂದುವರಿಯಲು ಬಿಡಲಿಲ್ಲ.

ಇಂದು ಮಾಜಿ ಸೈನಿಕರ ಮಕ್ಕಳಿಗೆ ವೃತ್ತಿಶಿಕ್ಷಣದಲ್ಲಿ ಮೀಸಲು ಸೀಟುಗಳಿವೆ, ವಿದ್ಯಾರ್ಥಿವೇತನಗಳಿವೆ. ಅವನ್ನು ಪಡೆಯುವ ಮಕ್ಕಳು ಅಪ್ಪಂದಿರು ಈಗ ಮಾಡುವ ಕೆಲಸವನ್ನು, ಅದು ಕಾವಲಿನದಿರಲಿ, ಅಂಗಡಿಯದಿರಲಿ, ಗೆಳೆಯರ ಮುಂದೆ ಹೇಳಿಕೊಳ್ಳಲು ಹಿಂಜರಿಯದಿರಲಿ. ಹೆತ್ತವರಿಗೂ ಒಂದು ಮಾತು: ನಿಮ್ಮ ದುಡಿಮೆಯ ಕತೆಯನ್ನು ಮಕ್ಕಳಿಗೆ ನೀವೇ ಹೇಳಿ. ಹೂ ಮಾರುವವರ ಬಾಯಿಂದ ಕೇಳುವಂತಾಗಬಾರದು.

ಕತ್ತಲಾಗುತ್ತಿದ್ದಂತೆ ದೀಪಸ್ತಂಭದಲ್ಲಿ ದೀಪ ಹೊತ್ತಿತು. ಕೊನೆಯ ಬಸ್ಸು ತಪ್ಪೀತೆಂದು ಎದ್ದೆ. ಅಪ್ಪನ ಕಪ್ಪು ಟ್ರಂಕಿನಲ್ಲಿ ಈಗ ನನ್ನ ಮಗಳು ಕಾಲೇಜಿನ ಪುಸ್ತಕ ಇಟ್ಟುಕೊಂಡಿದ್ದಾಳೆ. ಹೆಸರು, ನಂಬರು ಅಳಿಸಬಾರದೆಂದು ನಾನೇನೂ ಹೇಳಿರಲಿಲ್ಲ. ಅವಳಾಗಿಯೇ ಅದರ ಮೇಲೆ ಹೊಸದಾಗಿ ಬಿಳಿ ಬಣ್ಣ ಬಳಿದಿದ್ದಾಳೆ.